ಲೋಹದೊಳಗಿನ ಎಲೆಕ್ಟ್ರಾನ್ ಗುಂಪು ಮತ್ತು ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದ ನನಗೆ, ಲೋಹದ ಎಲೆಕ್ಟ್ರಾನುಗಳ ಬಗ್ಗೆ ಬರುವ ಪ್ರಶ್ನೆಗಳು ನಿವೃತ್ತಿಯ ನಂತರವೂ ನಿಂತಿಲ್ಲ. ಹಳೆಯ ವಿದ್ಯಾರ್ಥಿಗಳ ಪತ್ರ, ಚಂದ್ರವಳ್ಳಿಯ ಕಡೆ ಬೆಳಗಿನ ನಡಿಗೆಯಲ್ಲಿ ಜೊತೆಯಾಗುವವರ ಮಾತು, ಉಪನ್ಯಾಸದ ಕೊನೆಯಲ್ಲಿ ಬರುವ ಚೀಟಿ, ಇವುಗಳಿಂದ ಆಯ್ದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ನಮ್ಮದು ಏಳು ಸುತ್ತಿನ ಕೋಟೆಯ ಊರು. ಇಲ್ಲಿ ಮೂರು ಸುತ್ತು ಸಾಕು.

## ಹೊರಸುತ್ತು

ತಂತಿಯೊಳಗೆ ಎಲೆಕ್ಟ್ರಾನ್ ನೀರಿನಂಗೆ ಹರಿತಾವೆ ಅಂತೀರಲ್ಲ ಸರ್, ಎಷ್ಟು ಇರ್ತಾವೆ, ಎಷ್ಟು ಜೋರಾಗಿ ಹರಿತಾವೆ?

ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಸುಮಾರು 8.5 × 10²² ಎಲೆಕ್ಟ್ರಾನುಗಳು ತಮ್ಮ ಪರಮಾಣುವನ್ನು ಬಿಟ್ಟು ಇಡೀ ಲೋಹದಲ್ಲಿ ಓಡಾಡಿಕೊಂಡಿರುತ್ತವೆ. ಇವುಗಳ ಸ್ವಂತ ಓಟದ ವೇಗ ಸೆಕೆಂಡಿಗೆ ಸುಮಾರು 1,570 ಕಿಲೋಮೀಟರ್. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಓಡುವುದರಿಂದ ಒಟ್ಟು ಹರಿವು ಸೊನ್ನೆ. ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಒಂದು ಆಂಪಿಯರ್ ವಿದ್ಯುತ್ ಹರಿಸಿದಾಗ ಇಡೀ ಸಮೂಹ ಒಂದು ಕಡೆಗೆ ಸರಿಯುವ ವೇಗ ಸೆಕೆಂಡಿಗೆ 0.07 ಮಿಲಿಮೀಟರ್ ಮಾತ್ರ. ಒಂದು ಮೀಟರ್ ಸಾಗಲು ಮೂರೂಮುಕ್ಕಾಲು ಗಂಟೆ ಬೇಕು. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುವುದು ಎಲೆಕ್ಟ್ರಾನು ಅಲ್ಲಿಗೆ ಓಡಿಹೋಗಿದ್ದರಿಂದಲ್ಲ, ತಂತಿಯುದ್ದಕ್ಕೂ ಮೊದಲೇ ತುಂಬಿರುವ ಗುಂಪು ಬಹುತೇಕ ಏಕಕಾಲಕ್ಕೆ ಸರಿಯಲು ಶುರು ಮಾಡಿದ್ದರಿಂದ.

ಋಣಕ್ಕೆ ಋಣ ಆಗಿಬರಲ್ಲ. ಹಂಗಾದ್ರೆ ಲೋಹ ಸಿಡಿದುಹೋಗ್ಬೇಕಲ್ವಾ?

ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಪರಮಾಣುಗಳು ಧನ ಅಯಾನುಗಳಾಗಿ ಅಲ್ಲಿಯೇ ಸಾಲಾಗಿ ಕುಳಿತಿರುವುದರಿಂದ ಒಟ್ಟು ಲೆಕ್ಕ ಸಮವಾಗುತ್ತದೆ, ಲೋಹ ಸಿಡಿಯುವುದಿಲ್ಲ. ಆದರೂ ಪ್ರಶ್ನೆಯ ಒಳಗಿನ ಅನುಮಾನ ಸರಿಯಾದದ್ದೇ. ತಾಮ್ರದಲ್ಲಿ ಎರಡು ಎಲೆಕ್ಟ್ರಾನುಗಳ ನಡುವಿನ ಸರಾಸರಿ ಅಂತರ 0.23 ನ್ಯಾನೋಮೀಟರ್, ಅಷ್ಟು ಹತ್ತಿರದಲ್ಲಿ ಅವುಗಳ ವಿಕರ್ಷಣೆಯ ಶಕ್ತಿ ಆರು ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಮಾನ) ದಾಟುತ್ತದೆ. ಅವುಗಳ ಚಲನೆಯ ಗರಿಷ್ಠ ಶಕ್ತಿ ಸುಮಾರು ಏಳು. ಎಂದರೆ ತಳ್ಳಾಟ ಮತ್ತು ಓಡಾಟ ಸರಿಸಮ. ಯಾವುದನ್ನೂ ಚಿಲ್ಲರೆ ಎಂದು ಬದಿಗಿಡುವಂತಿಲ್ಲ. 1900ರಲ್ಲಿ ಲೋಹಗಳ ಮೊದಲ ಸಿದ್ಧಾಂತ ಕೊಟ್ಟ ಪಾಲ್ ಡ್ರೂಡ್ ಈ ತಳ್ಳಾಟವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಆದರೂ ಅವನ ಸೂತ್ರ ಅನೇಕ ಕಡೆ ಸರಿಯಾಗಿ ನಡೆಯಿತು. ಅದು ಏಕೆ ನಡೆಯಿತು ಎಂಬುದಕ್ಕೆ ಉತ್ತರ ಸಿಗಲು ಅರ್ಧ ಶತಮಾನ ಬೇಕಾಯಿತು. ಒಳಸುತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಒಂದೊಂದೂ ತನ್ನ ಪಾಡಿಗೆ ಓಡ್ತಿದ್ರೆ "ಸಾಮೂಹಿಕ ವರ್ತನೆ" ಅನ್ನೋದು ಎಲ್ಲಿಂದ ಬಂತು?

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿನ ದಿನ ಜನಜಂಗುಳಿಯ ನಡುವೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಅಂಚಿನಲ್ಲಿ ಯಾರೋ ನೂಕಿದರೆ ನಾವು ಅರ್ಧ ಅಡಿ ವಾಲುತ್ತೇವೆ, ನಮ್ಮ ಪಕ್ಕದವರು ವಾಲುತ್ತಾರೆ, ಆ ವಾಲಾಟ ಇನ್ನೊಂದು ಅಂಚಿನವರೆಗೆ ಹೋಗಿ ಮರಳುತ್ತದೆ. ಅದು ಯಾರೊಬ್ಬರ ಚಲನೆಯೂ ಅಲ್ಲ, ಗುಂಪಿನದು.

ಲೋಹದಲ್ಲಿ ಎಲೆಕ್ಟ್ರಾನುಗಳ ಸಮೂಹವನ್ನು ಧನ ಅಯಾನುಗಳ ಮೇಲಿನಿಂದ ಎಳ್ಳಷ್ಟು ಬಲಕ್ಕೆ ಸರಿಸಿದೆವು ಎಂದುಕೊಳ್ಳಿ. ಬಲ ಅಂಚಿನಲ್ಲಿ ಋಣ ಹೆಚ್ಚಾಗುತ್ತದೆ, ಎಡ ಅಂಚಿನಲ್ಲಿ ಧನ ಬಯಲಾಗುತ್ತದೆ, ಈ ಎರಡರ ಸೆಳೆತ ಇಡೀ ಸಮೂಹವನ್ನು ಹಿಂದಕ್ಕೆಳೆಯುತ್ತದೆ. ಸಮೂಹವು ಓಟದ ರಭಸದಲ್ಲಿ ಸಮಸ್ಥಾನವನ್ನು ದಾಟಿ ಎಡಕ್ಕೆ ಹೋಗುತ್ತದೆ, ಮತ್ತೆ ಮರಳುತ್ತದೆ. ಈ ತೂಗಾಟವೇ ಪ್ಲಾಸ್ಮಾ ಆಂದೋಲನ. ಅನಿಲಗಳಲ್ಲಿ ಇದನ್ನು 1929ರಲ್ಲಿ ಟಾಂಕ್ಸ್ ಮತ್ತು ಲ್ಯಾಂಗ್ಮ್ಯೂರ್ ವಿವರಿಸಿದರು. ಲೋಹದ ಎಲೆಕ್ಟ್ರಾನುಗಳಿಗೆ ಇದರ ಪೂರ್ಣ ಸಿದ್ಧಾಂತವನ್ನು 1951ರಿಂದ 1953ರ ನಡುವೆ ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ ಕಟ್ಟಿದರು. ವಿಕರ್ಷಣೆಯ ದೂರಗಾಮಿ ಭಾಗವೆಲ್ಲ ಈ ಸಾಮೂಹಿಕ ತೂಗಾಟದಲ್ಲಿ ಸೇರಿಹೋಗುತ್ತದೆ, ಬಿಡಿ ಎಲೆಕ್ಟ್ರಾನುಗಳಿಗೆ ಉಳಿಯುವುದು ಹತ್ತಿರದ ಸಣ್ಣ ತಳ್ಳಾಟ ಮಾತ್ರ ಎಂದು ಅವರು ತೋರಿಸಿದರು. ನನ್ನ ಮಟ್ಟಿಗೆ ಈ ಪುಟದ ಉಳಿದೆಲ್ಲ ಉತ್ತರಗಳ ಬೇರು ಇಲ್ಲಿದೆ.

ಬೆಳ್ಳಿ ತಟ್ಟೆ ಯಾಕೆ ಕನ್ನಡಿ ಥರ ಹೊಳೀತೈತಿ?

ಬೆಳಕು ಎಂದರೆ ಅತಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರ. ಅದು ಲೋಹದ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಸರಿದು, ಒಳಗಿನ ಕ್ಷೇತ್ರವನ್ನು ರದ್ದು ಮಾಡುತ್ತವೆ. ಒಳಹೋಗಲಾರದ ಅಲೆ ಹಿಂದಿರುಗುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಆದರೆ ಎಲೆಕ್ಟ್ರಾನು ಸಮೂಹಕ್ಕೂ ಜಡತ್ವವಿದೆ. ಬೆಳಕಿನ ಆವೃತ್ತಿ, ಎಂದರೆ ಸೆಕೆಂಡಿಗೆ ಅದು ಎಷ್ಟು ಸಲ ತೂಗುತ್ತದೆ ಎಂಬುದು, ಸಮೂಹದ ಸ್ವಂತ ತೂಗಾಟದ ಆವೃತ್ತಿಯನ್ನು ಮೀರಿದರೆ ಎಲೆಕ್ಟ್ರಾನುಗಳು ತಾಳ ತಪ್ಪುತ್ತವೆ, ಬೆಳಕು ದಾಟಿಹೋಗುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಈ ಗಡಿ 15 ಎಲೆಕ್ಟ್ರಾನ್ ವೋಲ್ಟ್, ಎಂದರೆ ಅತಿನೇರಳೆಯಲ್ಲಿಯೂ ಬಹಳ ಆಚೆ. ಕಣ್ಣಿಗೆ ಕಾಣುವ ಬೆಳಕು ಸುಮಾರು 1.8ರಿಂದ 3.1ರವರೆಗೆ ಮಾತ್ರ. ಸೋಡಿಯಂ, ಪೊಟ್ಯಾಸಿಯಂನಂತಹ ಲೋಹಗಳ ತೆಳುಪೊರೆಗಳು ಅತಿನೇರಳೆ ಬೆಳಕಿಗೆ ಗಾಜಿನಂತೆ ಪಾರದರ್ಶಕವಾಗುತ್ತವೆ ಎಂದು ಅಮೆರಿಕದ ಆರ್. ಡಬ್ಲ್ಯೂ. ವುಡ್ 1933ರಲ್ಲಿ ಕಂಡುಕೊಂಡಾಗ ಈ ಗಡಿ ಕೇವಲ ಕಾಗದದ ಲೆಕ್ಕವಲ್ಲ ಎಂಬುದು ಸ್ಪಷ್ಟವಾಯಿತು.

ಇದಕ್ಕೂ ರೇಡಿಯೋಗೂ ಏನೋ ಸಂಬಂಧ ಇದೆ ಅಂದಿದ್ರಿ ಒಂದ್ಸಲ?

ಇದೆ, ಅದೂ ಒಂದೇ ಸೂತ್ರದ ಸಂಬಂಧ. ಒಂದು ಘನ ಮೀಟರಿನಲ್ಲಿರುವ ಸ್ವತಂತ್ರ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ಪ್ಲಾಸ್ಮಾ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತದೆ. ನೆತ್ತಿಯ ಮೇಲಿನ ಅಯಾನುಗೋಲದಲ್ಲಿ, ಎಂದರೆ ಸ್ವತಂತ್ರ ಎಲೆಕ್ಟ್ರಾನುಗಳಿರುವ ವಾತಾವರಣದ ಮೇಲ್ಪದರದಲ್ಲಿ, ಹಗಲು ಹೊತ್ತು ಘನ ಮೀಟರಿಗೆ ಸುಮಾರು 10¹² ಎಲೆಕ್ಟ್ರಾನುಗಳಿದ್ದರೆ ಗಡಿ ಸುಮಾರು 9 ಮೆಗಾಹರ್ಟ್ಸ್. 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿ ಈ ಗಡಿಯ ಕೆಳಗಿದೆ; ಹಗಲಿನಲ್ಲಿ ಕೆಳಪದರವು ಅದನ್ನು ಹೀರಿಕೊಂಡರೂ, ರಾತ್ರಿ ಆ ಪದರ ಕರಗಿದ ಮೇಲೆ ಆಕಾಶವೇ ಕನ್ನಡಿಯಾಗಿ ಅಲೆಯನ್ನು ದೂರದೂರಕ್ಕೆ ಹಿಂದಿರುಗಿಸುತ್ತದೆ. ನಮ್ಮ ಚಿತ್ರದುರ್ಗ ಆಕಾಶವಾಣಿಯ 102.6 ಮೆಗಾಹರ್ಟ್ಸ್ ಎಫ್‌ಎಂ ಗಡಿಯ ಮೇಲಿದೆ, ಆದ್ದರಿಂದ ಆಕಾಶವನ್ನು ತೂರಿ ಹೊರಟೇಹೋಗುತ್ತದೆ. ಅದೇ ಸೂತ್ರಕ್ಕೆ ತಾಮ್ರದ 8.5 × 10²⁸ ಹಾಕಿದರೆ 2.6 × 10¹⁵ ಹರ್ಟ್ಸ್ ಬರುತ್ತದೆ. ಹಿಂದೆ ತಾಮ್ರದ ಅದಿರು ತೆಗೆಯುತ್ತಿದ್ದ ಇಂಗಳದಾಳಿನ ಗಣಿಯ ಲೋಹಕ್ಕೂ ಮೇಲಿನ ಆಕಾಶಕ್ಕೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಮಾತ್ರ.

ಎಲ್ಲಾ ಲೋಹ ಬೆಳ್ಳಗೇ ಹೊಳೀಬೇಕಿತ್ತು. ಬಂಗಾರ ಯಾಕೆ ಹಳದಿ?

ಅಕ್ಕಸಾಲಿಗರೊಬ್ಬರು ಕೇಳಿದ ಪ್ರಶ್ನೆ ಇದು. ಬಂಗಾರದಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳ ಕೆಳಗೆ, ಪರಮಾಣುವಿಗೇ ಅಂಟಿಕೊಂಡಂತಿರುವ ಇನ್ನೊಂದು ಪದರವಿದೆ. ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಿಕ್ಕರೆ ಆ ಪದರದ ಎಲೆಕ್ಟ್ರಾನು ಮೇಲಕ್ಕೆ ಜಿಗಿಯುತ್ತದೆ. ನೀಲಿ ಬೆಳಕಿನಲ್ಲಿ ಅಷ್ಟು ಶಕ್ತಿ ಇರುವುದರಿಂದ ಅದು ನುಂಗಿಹೋಗಿ, ಉಳಿದ ಹಳದಿ ಮತ್ತು ಕೆಂಪು ಹಿಂದಿರುಗುತ್ತವೆ. ಬೆಳ್ಳಿಯಲ್ಲಿ ಈ ಜಿಗಿತಕ್ಕೆ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಬೇಕು, ಅದು ಅತಿನೇರಳೆ. ಬಂಗಾರದ ಭಾರವಾದ ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಅಪಾರ ವೇಗದಲ್ಲಿ ಓಡುವುದರಿಂದ ಐನ್‌ಸ್ಟೈನರ ಸಾಪೇಕ್ಷತೆಯ ಪರಿಣಾಮ ಬಿದ್ದು ಈ ಅಂತರ ಕುಗ್ಗಿದೆ. ಒರೆಗಲ್ಲಿನ ಮೇಲಿನ ಹಳದಿ ಗೆರೆಯಲ್ಲಿ ಸಾಪೇಕ್ಷತೆ ಇದೆ ಎಂದಾಗ ಅವರು ನಂಬಲಿಲ್ಲ. ನಂಬದಿರುವುದು ಅವರ ಕಸುಬಿನ ಗುಣ.

## ನಡುಸುತ್ತು

ಪ್ಲಾಸ್ಮಾನ್ ಅಂದ್ರೆ ಕಣನಾ, ಅಲೆನಾ? ಟಾರ್ಚ್ ಬಿಟ್ರೆ ಹುಟ್ಟುತ್ತಾ?

ಸಾಮೂಹಿಕ ತೂಗಾಟವೂ ಕ್ವಾಂಟಂ ನಿಯಮಕ್ಕೆ ಒಳಪಟ್ಟಿದ್ದು, ಶಕ್ತಿಯನ್ನು ಕಂತುಗಳಲ್ಲಿ ಮಾತ್ರ ತೆಗೆದುಕೊಳ್ಳುತ್ತದೆ. ಆ ಒಂದು ಕಂತಿನ ಹೆಸರು ಪ್ಲಾಸ್ಮಾನ್. ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೂಲಕ ವೇಗದ ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಅವು 15, 30, 45 ಎಲೆಕ್ಟ್ರಾನ್ ವೋಲ್ಟ್‌ಗಳ ಮೆಟ್ಟಿಲುಗಳಲ್ಲಿ ಶಕ್ತಿ ಕಳೆದುಕೊಂಡು ಹೊರಬರುತ್ತವೆ: ಒಂದು, ಎರಡು, ಮೂರು ಪ್ಲಾಸ್ಮಾನ್. ಟಾರ್ಚಿನಿಂದ ಇದು ಆಗುವುದಿಲ್ಲ. ಬೆಳಕಿನ ಕ್ಷೇತ್ರ ಅದು ಸಾಗುವ ದಿಕ್ಕಿಗೆ ಅಡ್ಡಲಾಗಿ ತೂಗುತ್ತದೆ, ಲೋಹದ ಒಡಲಿನ ಪ್ಲಾಸ್ಮಾನ್ ಸಾಗುವ ದಿಕ್ಕಿನಲ್ಲಿಯೇ ಹಿಂದೆ ಮುಂದೆ ತೂಗುತ್ತದೆ; ಒಂದಕ್ಕೊಂದು ಕೈ ಸಿಗುವುದಿಲ್ಲ.

ಮೇಲ್ಮೈಯ ಕತೆ ಬೇರೆ. ಲೋಹದ ಮೈಮೇಲೆ ಮಾತ್ರ ಹರಿಯುವ ಪ್ಲಾಸ್ಮಾನುಗಳಿರಬೇಕು ಎಂದು 1957ರಲ್ಲಿ ರೂಫಸ್ ರಿಚಿ ಲೆಕ್ಕ ಹಾಕಿದರು. 1968ರಲ್ಲಿ ಆಂಡ್ರಿಯಾಸ್ ಒಟ್ಟೋ, ಅದೇ ವರ್ಷ ಎರಿಕ್ ಕ್ರೆಚ್‌ಮನ್ ಮತ್ತು ಹೈಂಜ್ ರೇಥರ್, ಗಾಜಿನ ಪಟ್ಟಕದ ನೆರವಿನಿಂದ ಬೆಳಕನ್ನು ಅವುಗಳೊಂದಿಗೆ ಬೆಸೆಯುವ ದಾರಿ ತೋರಿಸಿದರು. ಪಟ್ಟಕಕ್ಕೆ ಸುಮಾರು 50 ನ್ಯಾನೋಮೀಟರ್ ಬಂಗಾರ ಲೇಪಿಸಿ ಕೋನವನ್ನು ನಿಧಾನವಾಗಿ ಬದಲಿಸುತ್ತ ಹೋದರೆ, ಒಂದು ಕೋನದಲ್ಲಿ ಪ್ರತಿಫಲಿತ ಬೆಳಕು ತಟ್ಟನೆ ಕುಸಿಯುತ್ತದೆ. ಆ ಬೆಳಕೆಲ್ಲ ಮೇಲ್ಮೈ ಪ್ಲಾಸ್ಮಾನಾಗಿ ಹರಿದಿರುತ್ತದೆ. ಬಂಗಾರದ ಮೇಲೆ ಪ್ರೋಟೀನಿನ ತೆಳುಪದರ ಅಂಟಿದರೂ ಆ ಕೋನ ಸರಿಯುವುದರಿಂದ ಔಷಧ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ಇದು ಇಂದು ನಿತ್ಯದ ಸಾಧನ.

ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಬರುವ ಕೆಂಪು ಗೆರೆ ಬಂಗಾರದ್ದಂತೆ, ನಿಜವಾ ಮೇಡಂ ಹೇಳಿದ್ದು?

ಹಲವು ಪಟ್ಟಿಗಳಲ್ಲಿ ನಿಜ. ಅಲ್ಲಿರುವುದು ಕೆಲವು ಹತ್ತು ನ್ಯಾನೋಮೀಟರ್ ಅಗಲದ ಬಂಗಾರದ ಕಣಗಳು, ಮೇಲೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಮೂತ್ರದಲ್ಲಿ ಗರ್ಭದ ಹಾರ್ಮೋನು ಇದ್ದರೆ ಕಣಗಳು ಗೆರೆಯ ಜಾಗದಲ್ಲಿ ಸಿಕ್ಕಿಬಿದ್ದು ಗುಂಪಾಗುತ್ತವೆ, ಗೆರೆ ಮೂಡುತ್ತದೆ.

ಕೆಂಪು ಏಕೆ ಎನ್ನುವುದು ನಮ್ಮ ವಿಷಯ. 20 ನ್ಯಾನೋಮೀಟರ್ ಅಗಲದ ಒಂದು ಗುಂಡಗಿನ ಕಣದಲ್ಲಿ ಸುಮಾರು ಎರಡೂವರೆ ಲಕ್ಷ ಸ್ವತಂತ್ರ ಎಲೆಕ್ಟ್ರಾನುಗಳಿರುತ್ತವೆ. ಬೆಳಕಿನ ತರಂಗದೂರ ಕಣಕ್ಕಿಂತ ಬಹಳ ದೊಡ್ಡದಾದ್ದರಿಂದ ಎರಡೂವರೆ ಲಕ್ಷವೂ ಒಟ್ಟಿಗೆ ಒಂದೇ ಕಡೆಗೆ ವಾಲುತ್ತವೆ, ಕಣದ ಗೋಡೆಗೆ ತಾಗಿ ಹಿಂದಿರುಗುತ್ತವೆ. ಈ ತೂಗಾಟಕ್ಕೆ ಹೊಂದುವ ಬೆಳಕು ಸುಮಾರು 520 ನ್ಯಾನೋಮೀಟರಿನ ಹಸಿರು. ಅದನ್ನು ಕಣ ಹೀರಿಕೊಂಡಾಗ ಉಳಿಯುವುದು ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲಿಯೇ ಇಂತಹ ಕೆಂಪು ದ್ರಾವಣಗಳನ್ನು ಮಾಡಿ, ಬಣ್ಣಕ್ಕೆ ಬಂಗಾರದ ಅತಿ ಸಣ್ಣ ಕಣಗಳೇ ಕಾರಣವೆಂದು ಹೇಳಿದ್ದರು. 1908ರಲ್ಲಿ ಗುಸ್ಟಾಫ್ ಮೀ ಅದಕ್ಕೆ ಗಣಿತ ಕೊಟ್ಟರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನಾಲ್ಕನೆಯ ಶತಮಾನದ ರೋಮನ್ ಲೈಕರ್ಗಸ್ ಬಟ್ಟಲು ಹೊರಗಿನ ಬೆಳಕಿನಲ್ಲಿ ಹಸಿರಾಗಿಯೂ ಒಳಗೆ ದೀಪವಿಟ್ಟರೆ ಕೆಂಪಾಗಿಯೂ ಕಾಣುವುದು ಗಾಜಿನಲ್ಲಿ ಬೆರೆತಿರುವ ಬೆಳ್ಳಿ ಬಂಗಾರದ ನ್ಯಾನೋಕಣಗಳಿಂದ.

ನಾವು ಮಾಡಿದ ಬಂಗಾರದ ದ್ರಾವಣ ಕೆಂಪಾಗೋ ಬದಲು ನೀಲಿ ಆಯ್ತು. ತಪ್ಪು ಎಲ್ಲಾಯ್ತು?

ಇದೇ ತಪ್ಪು ನನ್ನಿಂದಲೂ ಆಗಿದೆ. ಗೋಲ್ಡ್ ಕ್ಲೋರೈಡಿನ ಕುದಿಯುವ ದ್ರಾವಣಕ್ಕೆ ಸಿಟ್ರೇಟ್ ಹಾಕಿದ ಮೇಲೆ ತಿಳಿಹಳದಿ ಮಾಯವಾಗಿ, ಒಂದು ಕ್ಷಣ ಮಸಿ ಕದಡಿದಂತಾಗಿ, ನಿಮಿಷಗಳಲ್ಲಿ ದಾಳಿಂಬೆ ರಸದ ಕೆಂಪು ಬಂದಿತ್ತು. ತರಗತಿಗೆ ತೋರಿಸಲೆಂದು ಅದನ್ನು ಇನ್ನೊಂದು ಫ್ಲಾಸ್ಕಿಗೆ ಸುರಿದೆ. ಆ ಫ್ಲಾಸ್ಕನ್ನು ನಾನೇ ಕೊಳವೆಬಾವಿಯ ನೀರಿನಲ್ಲಿ ತೊಳೆದಿಟ್ಟಿದ್ದೆ. ನೋಡುನೋಡುತ್ತಿದ್ದಂತೆ ಕೆಂಪು ನೇರಳೆಗೆ ತಿರುಗಿ, ಘಂಟೆ ಹೊಡೆಯುವಷ್ಟರಲ್ಲಿ ಬೂದುನೀಲಿಯಾಗಿ ನಿಂತಿತು. ಸಿಟ್ರೇಟ್ ಕಣಗಳಿಗೆ ಋಣ ಆವೇಶದ ಹೊದಿಕೆ ಕೊಟ್ಟು ಅವನ್ನು ದೂರ ಇಟ್ಟಿರುತ್ತದೆ. ನಮ್ಮ ಗಡುಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಆ ಹೊದಿಕೆಯನ್ನು ಮರೆಮಾಡಿದ ಕೂಡಲೇ ಕಣಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದ ಕಣಗಳ ತೂಗಾಟ ಜೊತೆಗೂಡಿ ನಿಧಾನವಾಗುತ್ತದೆ, ಹೀರುವ ಬಣ್ಣ ಹಸಿರಿನಿಂದ ಕೆಂಪಿನ ಕಡೆಗೆ ಸರಿಯುತ್ತದೆ, ಕಣ್ಣಿಗೆ ಉಳಿಯುವುದು ನೀಲಿ. ಪಾತ್ರೆಗಳನ್ನು ಕೊನೆಯಲ್ಲಿ ಡಿಸ್ಟಿಲ್ಡ್ ವಾಟರ್‌ನಲ್ಲಿಯೇ ತೊಳೆಯಿರಿ. ಆದರೆ ಹಾಳಾದ ದ್ರಾವಣವನ್ನು ಚೆಲ್ಲಬೇಡಿ. ಕೆಂಪಿನ ಪಕ್ಕದಲ್ಲಿಟ್ಟು ತೋರಿಸಿದರೆ ಅದೇ ಒಳ್ಳೆಯ ಪಾಠ.

ಎಲೆಕ್ಟ್ರಾನಿಕ್ಸ್ ಬದಲು ಪ್ಲಾಸ್ಮಾನಿನ ಕಂಪ್ಯೂಟರ್ ಬರುತ್ತಾ?

ಸದ್ಯಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಮೇಲ್ಮೈ ಪ್ಲಾಸ್ಮಾನು ಬೆಳಕನ್ನು ಅತಿ ಚಿಕ್ಕ ಜಾಗಕ್ಕೆ ಹಿಂಡಬಲ್ಲದು ನಿಜ, ಆದರೆ ಕಾಣುವ ಬೆಳಕಿನಲ್ಲಿ ಬಂಗಾರ, ಬೆಳ್ಳಿಗಳ ಮೇಲೆ ಕೆಲವು ಹತ್ತು ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ.

## ಒಳಸುತ್ತು

ತಳ್ಳಾಟ ಅಷ್ಟು ಜೋರಿದ್ದೂ ಒಂಟಿ ಎಲೆಕ್ಟ್ರಾನಿನ ಲೆಕ್ಕ ಹೇಗೆ ಸರಿ ಬರುತ್ತದೆ?

ಎರಡು ಕಾರಣ. ಮೊದಲನೆಯದು, ಪ್ರತಿ ಎಲೆಕ್ಟ್ರಾನಿನ ಸುತ್ತಲಿಂದ ಉಳಿದವು ಸರಿದು ನಿಂತು ಧನ ಹಿನ್ನೆಲೆಯನ್ನು ಬಯಲು ಮಾಡುವುದರಿಂದ ದೂರದಿಂದ ನೋಡುವವರಿಗೆ ಅದರ ಆವೇಶ ಮರೆಯಾಗುತ್ತದೆ. ಎರಡನೆಯದು ಪೌಲಿಯ ನಿಯಮ: ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳಿರುವಂತಿಲ್ಲ. ಕೋಣೆಯ ಶಾಖದ ಶಕ್ತಿ 0.025 ಎಲೆಕ್ಟ್ರಾನ್ ವೋಲ್ಟ್ ಮಾತ್ರವಾದ್ದರಿಂದ, ಏಳು ಎಲೆಕ್ಟ್ರಾನ್ ವೋಲ್ಟ್ ಆಳದ ಆ ರಾಶಿಯಲ್ಲಿ ಮೇಲ್ಪದರದ ಕೆಲವೇ ಎಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆದ ನಂತರ ಹೋಗಲು ಖಾಲಿ ಜಾಗ ಸಿಗುತ್ತದೆ. ಉಳಿದವು ಇಚ್ಛೆಯಿದ್ದರೂ ಕದಲಲಾರವು. 1956ರಲ್ಲಿ ಲೆವ್ ಲ್ಯಾಂಡೌ ಇದನ್ನು ಸಿದ್ಧಾಂತವಾಗಿಸಿದರು. ಜಾತ್ರೆಯಲ್ಲಿ ತಲೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸಿನ ಸುತ್ತ ಜನ ದಾರಿ ಬಿಡುತ್ತ, ಹಿಂದೆ ಕೂಡಿಕೊಳ್ಳುತ್ತ ಹೋಗುವುದಿಲ್ಲವೇ? ಆಕೆ ಮತ್ತು ಆ ತೆರವು ಸೇರಿ ಒಂದೇ ವಸ್ತುವಿನಂತೆ ಚಲಿಸುತ್ತವೆ. ಲೋಹದಲ್ಲಿ ಇಂತಹದ್ದಕ್ಕೆ ಕ್ವಾಸಿಕಣ ಎಂದು ಹೆಸರು. ನಾವು ತಂತಿಯಲ್ಲಿ ಅಳೆಯುವುದು ಬರಿಯ ಎಲೆಕ್ಟ್ರಾನನ್ನಲ್ಲ, ಇದನ್ನು.

ಮಾಟ್ ಅವಾಹಕ ಅಂದ್ರೆ ಸುಲಭವಾಗಿ ಹೇಳಿ ಸಾರ್, ಪುಸ್ತಕದಲ್ಲಿ ಬರೀ ಸೂತ್ರ ಇದೆ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಪ್ರತಿ ಸೀಟಿಗೂ ಇಬ್ಬರು ಕೂರಬಹುದು, ಆದರೆ ಒಬ್ಬೊಬ್ಬರೇ ಕೂತಿದ್ದಾರೆ, ಇನ್ನೊಬ್ಬರನ್ನು ಪಕ್ಕಕ್ಕೆ ಬಿಟ್ಟುಕೊಳ್ಳಲು ಯಾರೂ ಒಪ್ಪುವುದಿಲ್ಲ, ನಿಲ್ಲುವುದಕ್ಕೂ ಅವಕಾಶವಿಲ್ಲ ಎಂದು ಊಹಿಸಿಕೊಳ್ಳಿ. (ನಮ್ಮ ಬಸ್ಸುಗಳಲ್ಲಿ ಇದು ನಡೆಯದ ಮಾತು.) ಬಸ್ಸು ಅರ್ಧ ಖಾಲಿ, ಆದರೂ ಒಬ್ಬರೂ ಜಾಗ ಬದಲಿಸಲಾರರು. ನಿಕ್ಕಲ್ ಆಕ್ಸೈಡಿನ ಸ್ಥಿತಿ ಇದೇ. ಅರೆತುಂಬಿದ ಶಕ್ತಿಪಟ್ಟಿ (ಎಲೆಕ್ಟ್ರಾನುಗಳು ಇರಬಹುದಾದ ಶಕ್ತಿಗಳ ಸಾಲು) ಇರುವುದರಿಂದ ಅದು ವಾಹಕವಾಗಬೇಕೆಂದು ಆಗಿನ ಸಿದ್ಧಾಂತ ಹೇಳುತ್ತಿತ್ತು. ಅದು ಹಸಿರು ಬಣ್ಣದ ಪಕ್ಕಾ ಅವಾಹಕ ಎಂಬ ತೊಡಕನ್ನು 1937ರಲ್ಲಿ ಡಿ ಬೋಯರ್ ಮತ್ತು ವರ್‌ವೇ ಮುಂದಿಟ್ಟರು. ನೆವಿಲ್ ಮಾಟ್ ಕಾರಣ ವಿವರಿಸಿದರು, 1963ರಲ್ಲಿ ಜಾನ್ ಹಬ್ಬರ್ಡ್ ಅದನ್ನು ಎರಡೇ ಸಂಖ್ಯೆಗಳ ಮಾದರಿಯಾಗಿಸಿದರು: ಪಕ್ಕದ ಸೀಟಿಗೆ ಜಿಗಿಯುವ ಸುಲಭ ಎಷ್ಟು, ಒಂದೇ ಸೀಟಿನಲ್ಲಿ ಇಬ್ಬರು ಕೂರುವ ದಂಡ ಎಷ್ಟು.

ಭರಮಸಾಗರದಲ್ಲಿ ನಾಲ್ವರು ಇಳಿದರೆಂದರೆ ಚಿತ್ರ ಬದಲಾಗುತ್ತದೆ. ಖಾಲಿಯಾದ ಸೀಟಿಗೆ ಪಕ್ಕದವರು, ಅವರ ಸೀಟಿಗೆ ಹಿಂದಿನವರು ಸರಿಯಬಹುದು. ಲ್ಯಾಂಥನಂ ತಾಮ್ರದ ಆಕ್ಸೈಡ್ ಕೂಡ ಹೀಗೆ ಬಿಗಿದುಕೊಂಡ ಅವಾಹಕ. ಅದರಲ್ಲಿ ಸ್ವಲ್ಪ ಲ್ಯಾಂಥನಮ್ಮಿನ ಬದಲು ಬೇರಿಯಂ ಹಾಕಿ ಕೆಲವು ಎಲೆಕ್ಟ್ರಾನುಗಳನ್ನು ಇಳಿಸಿದಾಗ, 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಅವರಿಗೆ ಸುಮಾರು 35 ಕೆಲ್ವಿನ್‌ನಲ್ಲಿ ಅತಿವಾಹಕತೆ, ಎಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಸ್ಥಿತಿ, ಸಿಕ್ಕಿತು. ಮರುವರ್ಷವೇ ನೊಬೆಲ್ ಬಂತು.

ಇಂಥ ವಸ್ತುಗಳ ಮೇಲೆ ಬೆಳಕು ಬಿಟ್ಟರೆ ಏನು ಗೊತ್ತಾಗುತ್ತದೆ?

ದಂಡ ಕಟ್ಟುವಷ್ಟು ಶಕ್ತಿಯಿರುವ ಬೆಳಕು ಬಂದಾಗ ಮಾತ್ರ ಅವಾಹಕ ಅದನ್ನು ಹೀರುತ್ತದೆ. ತಾಮ್ರದ ಆಕ್ಸೈಡುಗಳಲ್ಲಿ ಈ ಗಡಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನುಗಳನ್ನು ಇಳಿಸುತ್ತ ಹೋದಂತೆ ಆ ಗಡಿಯ ಮೇಲಿನ ಹೀರುವಿಕೆ ಕಡಿಮೆಯಾಗಿ, ಕೆಳಗೆ ಅವಕೆಂಪಿನಲ್ಲಿ ಹೆಚ್ಚುತ್ತದೆ. ಒಟ್ಟು ಮೊತ್ತ ಬದಲಾಗದೆ ಒಂದು ಖಾತೆಯಿಂದ ಇನ್ನೊಂದಕ್ಕೆ ಜಮೆಯಾಗುವ ಈ ವರ್ಗಾವಣೆಯೇ ಬಲವಾದ ಪರಸ್ಪರ ಕ್ರಿಯೆಯ ಗುರುತು. ಸಿಲಿಕಾನಿನಂತಹ ಸಾಮಾನ್ಯ ಅರೆವಾಹಕದಲ್ಲಿ ನಾಲ್ಕು ಎಲೆಕ್ಟ್ರಾನು ತೆಗೆದರೆ ಎರಡು ಎಲೆಕ್ಟ್ರಾನ್ ವೋಲ್ಟ್ ದೂರದ ಶಕ್ತಿಗಳು ಹೀಗೆ ಅಲುಗುವುದಿಲ್ಲ. ವನಾಡಿಯಂ ಡೈಆಕ್ಸೈಡ್ ಇನ್ನೂ ನಾಟಕೀಯ: ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವಾಹಕದಿಂದ ಲೋಹವಾಗಿ, ಅಲ್ಲಿಯವರೆಗೆ ಬಿಡುತ್ತಿದ್ದ ಅವಕೆಂಪು ಬೆಳಕನ್ನು ತಡೆಯುತ್ತದೆ. ಇದಕ್ಕೆ ಎಲೆಕ್ಟ್ರಾನುಗಳ ತಳ್ಳಾಟ ಎಷ್ಟು ಕಾರಣ, ಪರಮಾಣುಗಳ ಜೋಡಣೆ ಬದಲಾಗುವುದು ಎಷ್ಟು ಕಾರಣ ಎಂಬ ವಾದ ಮುಗಿದಿಲ್ಲ.

ಎಲೆಕ್ಟ್ರಾನಿನ ತೂಕ ಸಾವಿರ ಪಟ್ಟು ಆಗುತ್ತದೆ ಎಂದು ಓದಿದೆ. ತಮಾಷೆಯೇ?

ತಮಾಷೆಯಲ್ಲ. ಸೀರಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಸಂಯುಕ್ತವೊಂದರ ಎಲೆಕ್ಟ್ರಾನುಗಳು ಅತಿ ಶೀತದಲ್ಲಿ ಹೀರುವ ಶಾಖವು ತಾಮ್ರದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚೆಂದು 1975ರಲ್ಲಿ ಕಂಡುಬಂತು. ಸೀರಿಯಮ್ಮಿನ ಒಳಪದರದ ಎಲೆಕ್ಟ್ರಾನು ತನ್ನ ಜಾಗ ಬಿಡಲೊಲ್ಲದು, ಓಡಾಡುವ ಎಲೆಕ್ಟ್ರಾನುಗಳು ಅದರೊಂದಿಗೆ ತಳಕು ಹಾಕಿಕೊಂಡು ಜಡವಾಗುತ್ತವೆ. ತಕ್ಕಡಿಯ ತೂಕ ಬದಲಾಗಿಲ್ಲ, ತಳ್ಳಿದರೆ ಕದಲುವ ಸುಲಭ ಬದಲಾಗಿದೆ. 1979ರಲ್ಲಿ ಫ್ರಾಂಕ್ ಸ್ಟೆಗ್ಲಿಚ್ ತಂಡ ಇಂತಹ ಇನ್ನೊಂದು ಸಂಯುಕ್ತದಲ್ಲಿ ಅತಿವಾಹಕತೆಯನ್ನೂ ಕಂಡಿತು.

ಸೂಪರ್ ಕಂಪ್ಯೂಟರ್ ಇರುವಾಗ ಹಬ್ಬರ್ಡ್ ಮಾದರಿಯನ್ನು ಬಿಡಿಸಿ ಮುಗಿಸಬಾರದೇ?

ಬಸ್ಸಿನ ಒಂದು ಸೀಟಿಗೆ ನಾಲ್ಕು ಸ್ಥಿತಿ: ಖಾಲಿ, ಮೇಲ್ಮುಖ ಸ್ಪಿನ್ನಿನ (ಎಲೆಕ್ಟ್ರಾನಿನ ಗಿರಕಿಯಂತಹ ಸಹಜ ಗುಣ) ಒಂದು, ಕೆಳಮುಖದ ಒಂದು, ಎರಡೂ. ಹತ್ತು ಸೀಟಿಗೆ ಸುಮಾರು ಹತ್ತೂವರೆ ಲಕ್ಷ ಸ್ಥಿತಿಗಳು, ಇಪ್ಪತ್ತಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು, ನಲವತ್ತಕ್ಕೆ 10²⁴ ದಾಟುತ್ತದೆ. ಒಂದು ಬಸ್ಸೂ ತುಂಬುವ ಮೊದಲೇ ಜಗತ್ತಿನ ಯಾವ ಯಂತ್ರಕ್ಕೂ ಹಿಡಿಯದಾಯಿತು. ಆದ್ದರಿಂದಲೇ ಜಾಣ ಅಡ್ಡದಾರಿಗಳು ಬೇಕು, ಅವುಗಳಲ್ಲಿ ನಮ್ಮವರ ಪಾಲೂ ಇದೆ: ಲೋಹದಲ್ಲಿ ಸಿಕ್ಕಿಕೊಂಡ ಒಂದೇ ಕಾಂತೀಯ ಪರಮಾಣುವಿನ ಲೆಕ್ಕವನ್ನು 1980ರಲ್ಲಿ ವಿಲ್ಕಿನ್ಸ್ ಮತ್ತು ವಿಲ್ಸನ್ ಜೊತೆ ಪೂರ್ಣವಾಗಿ ಬಿಡಿಸಿದ ಎಚ್. ಆರ್. ಕೃಷ್ಣಮೂರ್ತಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿಸಿದರು. ಆ ಸಂಸ್ಥೆಯ ಎರಡನೆಯ ಆವರಣ ನಮ್ಮದೇ ಜಿಲ್ಲೆಯ ಚಳ್ಳಕೆರೆಯಲ್ಲಿದ್ದು, ಅಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ತರಬೇತಿ ನಡೆಯುತ್ತದೆ.

"ವಿಚಿತ್ರ ಲೋಹ"ದಲ್ಲಿ ವಿಚಿತ್ರ ಏನು?

ಲ್ಯಾಂಡೌ ಚಿತ್ರ ಅಲ್ಲಿ ನಿಲ್ಲುವುದಿಲ್ಲ. ಎಲೆಕ್ಟ್ರಾನುಗಳ ಡಿಕ್ಕಿಯಿಂದ ಬರುವ ರೋಧ, ಆ ಚಿತ್ರದ ಪ್ರಕಾರ, ಶೀತದಲ್ಲಿ ತಾಪದ ವರ್ಗದಂತೆ ಏರಬೇಕು. ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಉತ್ತಮವಾಗಿರುವ ಮಿಶ್ರಣದಲ್ಲಿ ರೋಧ ತಾಪಕ್ಕೆ ನೇರ ಗೆರೆಯಲ್ಲಿ ಏರುತ್ತದೆ, ಎಲೆಕ್ಟ್ರಾನು ಒಂದು ಪರಮಾಣುವಿನಷ್ಟು ದೂರವೂ ಅಡೆತಡೆಯಿಲ್ಲದೆ ಸಾಗಲಾಗದ ಹಂತ ದಾಟಿದರೂ ಗೆರೆ ಬಾಗುವುದಿಲ್ಲ. ಅವಕೆಂಪು ಬೆಳಕಿನ ಅಳತೆಯಲ್ಲಿಯೂ ಡ್ರೂಡ್ ಸೂತ್ರ ಹೇಳುವಷ್ಟು ಬೇಗ ವಾಹಕತೆ ಇಳಿಯುವುದಿಲ್ಲ. ಕ್ವಾಸಿಕಣವೇ ಇಲ್ಲದೆ ಹರಿಯುವ ವಿದ್ಯುತ್ತು ಇದು ಎಂದು ಹಲವರು ವಾದಿಸುತ್ತಾರೆ. ಎಲ್ಲರೂ ಒಪ್ಪುವ ಸಿದ್ಧಾಂತ ಬಂದಿಲ್ಲ.

ಲೋಹದಲ್ಲಿ ದೆವ್ವ ಸಿಕ್ಕಿತು ಅಂತ ಸುದ್ದಿ ನೋಡಿದೆ. ಏನದು?

1956ರಲ್ಲಿ ಪೈನ್ಸ್ ಅವರೇ ಇಟ್ಟ ತುಂಟ ಹೆಸರು ಅದು. ಒಂದೇ ಲೋಹದಲ್ಲಿ ಎರಡು ಬಗೆಯ ಎಲೆಕ್ಟ್ರಾನುಗಳಿದ್ದು, ಒಂದು ಬಗೆ ಬಲಕ್ಕೆ ವಾಲಿದಾಗ ಇನ್ನೊಂದು ಎಡಕ್ಕೆ ವಾಲುತ್ತಿದ್ದರೆ ಎಲ್ಲಿಯೂ ಆವೇಶ ಜಮೆಯಾಗುವುದಿಲ್ಲ. ಆವೇಶ ಜಮೆಯಾಗದಿದ್ದರೆ ಬೆಳಕಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಆದ್ದರಿಂದ ಇಂತಹ ಸಾಮೂಹಿಕ ತೂಗಾಟ ಇದ್ದರೂ ಕಾಣದು. ಅದು ಪ್ಲಾಸ್ಮಾನಿನಂತೆ ಭಾರಿ ಶಕ್ತಿಯನ್ನೂ ಬೇಡುವುದಿಲ್ಲ, ಧ್ವನಿಯಂತೆ ಸೊನ್ನೆಯಿಂದಲೇ ಶುರುವಾಗುತ್ತದೆ. ಅರವತ್ತೇಳು ವರ್ಷಗಳ ನಂತರ, 2023ರಲ್ಲಿ, ಸ್ಟ್ರಾಂಷಿಯಂ ರುಥೇನೇಟ್ ಎಂಬ ಲೋಹದ ಹರಳಿನ ಮೇಲೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರೂ ಜಪಾನಿನ ಸಂಶೋಧಕರೂ ಇದ್ದ ತಂಡ ಅದನ್ನು ಕಂಡಿತು. ಬೆಳಕಿನಿಂದಲ್ಲ, ಹರಳಿಗೆ ಎಲೆಕ್ಟ್ರಾನುಗಳನ್ನು ಹೊಡೆದು, ಪುಟಿದು ಬಂದವು ಕಳೆದುಕೊಂಡ ಶಕ್ತಿಯನ್ನು ಅಳೆದು.